ಕಾರ್ಪೆಟ್ ಮೇಲಿನ ಲ್ವಾರ್ ನದಿ

ಶವರ್ ಇದ್ದರೂ ಅದರ ಕೆಳಗೆ ಬಕೆಟ್ ಇಟ್ಟು, ಚೊಂಬಿನಲ್ಲೇ ಸ್ನಾನ ಮಾಡುತ್ತಿದ್ದ ಕಾಲ ಅದು. ಆಗ ನಾವಿದ್ದದ್ದು ಲೀಡ್ಸ್‌ನಲ್ಲಿ. ನನಗೆ ಹತ್ತು ವರ್ಷ. ಅಮ್ಮನ ಬಾಣಂತನಕ್ಕೆಂದು ಮೈಸೂರಿನಿಂದ ಅಜ್ಜಿ ಬಂದಿಳಿದ ವಾರವೇ, ದಿನ ತುಂಬುವ ಮೊದಲೇ ತಮ್ಮ ಹುಟ್ಟಿಬಿಟ್ಟ. ಅವನು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ, ಅಮ್ಮ ಅವನ ಪಕ್ಕದಲ್ಲಿ, ಅಪ್ಪ ಆಫೀಸಿನಿಂದ ನೇರ ಅಲ್ಲಿಗೆ. ಅಜ್ಜಿ ತಂದಿದ್ದ ಶುಂಠಿ ಲೇಹ್ಯದ ಡಬ್ಬಿ ಮುಚ್ಚಿಯೇ ಇತ್ತು. ಆದರೂ ಅಡುಗೆಮನೆಯಲ್ಲೆಲ್ಲ ಅದರದೇ ಘಾಟು. ಪಾಪುವಿನ ಟೋಪಿಗೆಂದು ತಂದ ನೀಲಿ ಉಲ್ಲನ್ನನ್ನೂ ಅವರು ಮುಟ್ಟುತ್ತಿರಲಿಲ್ಲ.

ಆ ಉಲ್ಲನ್ನನ್ನೇ ನಾನು ಕಾರ್ಪೆಟ್ ಮೇಲೆ ನದಿಯಾಗಿ ಹಾಸಿದೆ. ಶಾಲೆಯಲ್ಲಿ ಫ್ರಾನ್ಸಿನ ಲ್ವಾರ್ ನದಿಯ ಪಾಠ ನಡೆಯುತ್ತಿತ್ತು.

"ಇದು ಎಲ್ಲಿ ಹುಟ್ಟುತ್ತೇ?" ಅಜ್ಜಿ ಕೇಳಿದರು.

"ಸೌತ್‌ನಲ್ಲಿ, ಬೆಟ್ಟದ ಹತ್ರ. ದೆನ್ ಇಟ್ ಗೋಸ್ ನಾರ್ತ್."

"ದೊರೆಸಾನಿ, ಕನ್ನಡದಲ್ಲಿ ಹೇಳಮ್ಮ."

"ಉತ್ತರಕ್ಕೆ ಹೋಗುತ್ತೆ."

ಅಜ್ಜಿಯ ಮುಖ ಅರಳಿತು. "ಉತ್ತರವಾಹಿನಿ! ಹಾಗೆ ಹರಿಯೋ ನದಿ ಬಲು ಪುಣ್ಯದ್ದು ಕಣೇ. ನಮ್ಮ ಪಾಪುಗೆ ಏನೂ ಆಗಲ್ಲ ಬಿಡು."

ಮರುದಿನ ಸ್ನಾನದ ಹೊತ್ತಿಗೆ ಅಜ್ಜಿ ಬಕೆಟ್ಟಿನ ನೀರಿಗೆ ಗಂಗೆ, ಯಮುನೆ, ಗೋದಾವರಿಯರನ್ನು ಕರೆಯುತ್ತಾ ಬಂದು, ಕಾವೇರಿಯ ನಂತರ ಲ್ವಾರಮ್ಮನನ್ನೂ ಕರೆದರು.

ಅದೇ ದಿನ ಟೀಚರ್ ಪಾಠ ಮುಂದುವರಿಸಿದರು. ಓರ್ಲಿಯಾನ್ ಎಂಬ ಊರಿನ ಹತ್ತಿರ ಲ್ವಾರ್ ಪಶ್ಚಿಮಕ್ಕೆ ತಿರುಗಿ ಅಟ್ಲಾಂಟಿಕ್ ಸೇರುತ್ತದೆ. ಪಶ್ಚಿಮ ಎಂದರೆ ಸೂರ್ಯ ಮುಳುಗುವ ದಿಕ್ಕು. ಮನೆಗೆ ಬಂದರೆ ಉಲ್ಲನ್ ತಿರುಗಿಸಲು ಕೈಯೇ ಬಾರದು. ತಿರುಗಿಸಿದ ಮೇಲೆ ತಮ್ಮನಿಗೆ ಏನಾದರೂ ಆಗಿಬಿಟ್ಟರೆ? ಕೊನೆಗೆ ಅಳುತ್ತಲೇ ಅಜ್ಜಿಗೆ ಹೇಳಿದೆ.

ಅಜ್ಜಿ ಕಾರ್ಪೆಟ್ಟಿನ ಮೇಲೆ ಬಗ್ಗಿದರು.

"ತಿರುಗಿದ್ರೇನಂತೆ, ಪೆದ್ದಿ? ನಿಂತಿಲ್ವಲ್ಲ," ಎಂದರು.

ಅವರ ದನಿ ನಡುಗಿತ್ತೇ, ಅಥವಾ ಇಷ್ಟು ವರ್ಷಗಳ ನಂತರ ನಾನೇ ಅದನ್ನು ನಡುಗಿಸುತ್ತಿದ್ದೇನೆಯೇ? ತಿಳಿಯದು. ನದಿಯನ್ನು ಸುತ್ತಿ ಉಂಡೆ ಮಾಡಿಕೊಂಡು, ಅಂದೇ ಟೋಪಿ ಹೆಣೆಯಲು ಕೂತರು.

ಪಾಪು ಮನೆಗೆ ಬಂದಾಗ ಆ ಟೋಪಿ ಅವನ ಮೂಗಿನವರೆಗೂ ಇಳಿದಿತ್ತು. ಟೋಪಿ ಹಳದಿ ಬಣ್ಣದ್ದು ಎಂದು ಅಮ್ಮ ಈಗಲೂ ವಾದಿಸುತ್ತಾಳೆ.

ಅವನೀಗ ನನಗಿಂತ ಎತ್ತರ. ಅಜ್ಜಿ ಇಲ್ಲ. ಲ್ವಾರ್‌ನ ದಾರಿಯನ್ನು ಬೆಟ್ಟದಿಂದ ಕಡಲವರೆಗೂ ತಪ್ಪಿಲ್ಲದೆ ಹೇಳಬಲ್ಲೆ. ಅಜ್ಜಿ ಕರೆಯುತ್ತಿದ್ದ ನದಿಗಳ ಸಾಲು ಮಾತ್ರ ನರ್ಮದೆಯ ಹತ್ತಿರ ತಪ್ಪಿಹೋಗುತ್ತದೆ. ಬೆಳಿಗ್ಗೆ ಶವರ್ ತಿರುಗಿಸುತ್ತೇನೆ. ನೀರು ಬರುತ್ತದೆ, ಯಾರೂ ಹೆಸರು ಹಿಡಿದು ಕರೆಯದ ನೀರು.