ಇಳಿಜಾರಿನಲ್ಲಿ ನಿಂತ ಪಿಕಪ್

ಓಡುವ ಗಾಡಿಗೆ ಹೆದರುವವರನ್ನು ಕಂಡಿದ್ದೇನೆ. ನನಗೆ ಭಯವಾಗುವುದು ಗಾಡಿ ನಿಂತಾಗ. ಎಂಜಿನ್ ಆರಿಸಿದ ಕೂಡಲೇ ಕಿವಿ ತುಂಬುವ ಆ ಮೌನ ಇದೆಯಲ್ಲ, ಅದರಲ್ಲಿ ಏನೋ ನನ್ನ ಕಡೆ ತಿರುಗಿ ನೋಡಿದಂತಾಗುತ್ತದೆ. ಸಂತೆಯ ನಡುವೆ ನಿಲ್ಲಿಸಿದರೂ ಅಷ್ಟೆ. ನೀವೇನಾದರೂ ಹಳೆಯ ಡೀಸೆಲ್ ಪಿಕಪ್ ಕೊಳ್ಳುವ ಯೋಚನೆಯಲ್ಲಿದ್ದರೆ ನನ್ನ ಈ ಪುಕ್ಕಲುತನದಿಂದ ನಿಮಗೆ ಕೊಂಚ ಉಪಯೋಗವಾದೀತು. ನಾನು ಮಾತ್ರ ಧೈರ್ಯವಂತರ ಸಲಹೆ ಕೇಳಿ ಕೊಂಡೆ.

ಆ ಧೈರ್ಯವಂತರು ನನ್ನ ಅಕ್ಕನ ಗಂಡ, ಮಾದೇವಪ್ಪ ಭಾವ. ತೊಂಬತ್ತರ ದಶಕದ ನಡುವಿನ ಯಾವುದೋ ಒಂದು ವರ್ಷ. ತಾಳವಾಡಿಯ ಸುತ್ತ ಎಲೆಕೋಸು ಚೆನ್ನಾಗಿ ಬಂದಿತ್ತು. ಬಾಡಿಗೆ ಲಾರಿಗೆ ಕಾಯುತ್ತ ಹೊಲದಲ್ಲೇ ಕೋಸು ಒಡೆಯುವುದನ್ನು ನೋಡಲಾರದೆ, ನಮ್ಮದೇ ಒಂದು ಗಾಡಿ ಇರಲಿ ಎಂದು ಇಬ್ಬರೂ ಪಾಲಿನಲ್ಲಿ ಹುಡುಕಲು ಹೊರಟೆವು. ಜೀರಹಳ್ಳಿಯ ಸಿದ್ದಪ್ಪ ಎಂಬ ಹಿರಿಯರ ಬಳಿ ಒಂದು ಪಿಕಪ್ ಇತ್ತು. ಅದರ ಬಣ್ಣ ಹಸಿರು. ಭಾವನನ್ನು ಕೇಳಿದರೆ ನೀಲಿ ಎನ್ನುತ್ತಾರೆ. ವರ್ಷಗಟ್ಟಲೆ ಕಣ್ಣೆದುರು ನಿಂತಿದ್ದ ಗಾಡಿಯ ಬಣ್ಣದಲ್ಲೇ ಒಮ್ಮತವಿಲ್ಲದ ಮೇಲೆ, ಮುಂದೆ ನಾನು ಹೇಳುವುದನ್ನು ನೀವು ಎಷ್ಟು ನಂಬಬೇಕೋ ಅಷ್ಟೇ ನಂಬಿ.

ಭಾವನ ಪರೀಕ್ಷೆಯಲ್ಲಿ ಕೊರತೆಯೇನೂ ಇರಲಿಲ್ಲ. ಹೇಳಿ ಕಳಿಸದೆ, ಬೆಳಗಿನ ಮಂಜು ಹರಿಯುವ ಮೊದಲೇ ಹೋಗಬೇಕು ಎಂದರು. ಹಿಂದಿನ ನಾಡಿ ವೈದ್ಯರು ರೋಗಿಯನ್ನು ಬರಿಹೊಟ್ಟೆಯಲ್ಲೇ ನೋಡುತ್ತಿದ್ದರಂತೆ. ಉಂಡವನ ನಾಡಿ ಸುಳ್ಳು ಹೇಳುತ್ತದೆ. ಡೀಸೆಲ್ ಎಂಜಿನ್ನೂ ಹಾಗೆಯೇ. ಕಾಯಿಸಿಟ್ಟ ಎಂಜಿನ್ ಎಂಥ ಕಾಯಿಲೆಯನ್ನೂ ಮುಚ್ಚಿಟ್ಟುಕೊಂಡು ನಗುತ್ತದೆ.

"ಬಾನೆಟ್ ಮುಟ್ ನೋಡ್ಲಾ ನಾಗ. ಬೆಚ್ಚಗಿದ್ರೆ ಇಂಗೇ ಮನೆಗೋಗದು" ಎಂದರು. ಮುಟ್ಟಿದೆ. ಕಲ್ಲಿನಂತೆ ತಣ್ಣಗಿತ್ತು.

ಸಿದ್ದಪ್ಪನವರು ಕಂಬಳಿ ಹೊದ್ದು ಜಗಲಿಯಿಂದಲೇ ಹೇಳಿದರು: "ಎಣ್ಣು ನೋಡಾಕ್ ಬಂದೋರಂಗೆ ದೂರ ಕುಂತ್ಕಂಡು ನೋಡ್ಬ್ಯಾಡಿ. ಅಸ ನೋಡ್ದಂಗೆ ನೋಡಿ. ಅಲ್ಲು ಎಣಿಸ್ಕಳಿ, ಬಾಲ ಎತ್ತಿ ನೋಡಿ."

ಎತ್ತಿ ನೋಡಿದೆವು. ಭಾವ ಅಡಿಗೆ ತೂರಿ ಚಾಸಿಯನ್ನು ಸ್ಪ್ಯಾನರಿನಿಂದ ಉದ್ದಕ್ಕೂ ತಟ್ಟುತ್ತ ಹೋದರು, ಮೇಲೆದ್ದು ಕ್ಯಾಬಿನ್ನಿನ ತಗಡನ್ನೂ ತಟ್ಟಿದರು. ಹೊಸ ಬಣ್ಣ ಬಳಿದ ಕಡೆ ಎರಡು ಸಲ ತಟ್ಟಬೇಕಂತೆ, ತುಕ್ಕು ಅಡಗಿರುವುದು ಅಲ್ಲಿಯೇ. ಪ್ಲೇಟು ಮುರಿದಿದೆಯೇ ಎಂದು ಭಾರ ಹೊರುವ ಸ್ಪ್ರಿಂಗ್ ಪಟ್ಟಾ ನೋಡಿದರು, ಸ್ಟಿಯರಿಂಗ್ ಎಷ್ಟು ತಿರುಗಿಸಿದರೆ ಚಕ್ರಕ್ಕೆ ಸುದ್ದಿ ಮುಟ್ಟುತ್ತದೆ ಎಂದು ನೋಡಿದರು. ರೇಡಿಯೇಟರಿನ ನೀರಿನಲ್ಲಿ ಎಣ್ಣೆ ತೇಲುತ್ತಿರಲಿಲ್ಲ. ಆರ್.ಸಿ. ಪುಸ್ತಕದ ನಂಬರೂ ಎಂಜಿನ್ ಮೇಲಿನ ನಂಬರೂ ಒಂದೇ ಆಗಿದ್ದವು.

"ಈಗ ಒಗೆ ನೋಡವ. ಕರ‍್ರಗಿದ್ರೆ ಒಟ್ಟೆಬಾಕ. ನೀಲಿ ಇದ್ರೆ ಎಣ್ಣೆ ಕುಡುಕ. ಬಿಸಿ ಆದ್ಮೇಲೂ ಬೆಳ್ಳಗೇ ಬತ್ತಾ ಇದ್ರೆ ವಂಡಿ ಸಾಯಾಕ್ ಒಂಟದ ಅಂತ" ಎಂದರು ಭಾವ. ನಮ್ಮ ಕಡೆ ಗಾಡಿಗೆ ವಂಡಿ ಎನ್ನುತ್ತಾರೆ.

ಇಲ್ಲಿ ನಾನು ನಿಧಾನಿಸಬೇಕು. ಪಿಕಪ್ ಸಿದ್ದಪ್ಪನವರ ಅಂಗಳದಲ್ಲಿ ಮೂಗು ಕೆಳಗಾಗಿ, ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟುಕೊಂಡು ನಿಂತಿತ್ತು. ಅವರು ಕಲ್ಲು ತೆಗೆದು ಹತ್ತಿ ಕೂತರು. ಗಾಡಿ ತಾನಾಗಿ ಜಾರಿತು. ಎರಡನೆಯ ಗೇರಿನಲ್ಲಿ ಕ್ಲಚ್ ಬಿಟ್ಟರು. ಎಂಜಿನ್ ಒಮ್ಮೆ ಕೆಮ್ಮಿ ಹತ್ತಿಕೊಂಡಿತು. "ನೋಡ್ದಾ, ಒಂದೇ ಏಟ್ಗೆ" ಎಂದರು ಭಾವ. ನಾನೂ ತಲೆ ಆಡಿಸಿದೆ. ಹೊಗೆ ಮೊದಲು ಕೊಂಚ ಬೆಳ್ಳಗಿದ್ದು ಆಮೇಲೆ ಕಾಣದಾಯಿತು. ಎಣ್ಣೆಯ ಮುಚ್ಚಳ ಬಿಚ್ಚಿದರೆ ಬಾಯಲ್ಲಿ ಹೊಗೆ ಉಗುಳಲಿಲ್ಲ. ಬ್ರೇಕೂ ನೆಟ್ಟಗಿತ್ತು. ಗಾಡಿ ನಮ್ಮದಾಯಿತು.

ನಿಮಗೆ ಆಗಲೇ ಅನುಮಾನ ಬಂದಿರಬಹುದು. ನೀವು ಬಯಲುಸೀಮೆಯವರಾಗಿದ್ದರೆ ಖಂಡಿತ ಬಂದಿರುತ್ತದೆ. ನಮಗೆ ಬರಲಿಲ್ಲ. ಈ ಬೆಟ್ಟದಲ್ಲಿ ನಮ್ಮ ಮನೆ, ಹೊಲ, ಚಹಾದಂಗಡಿ ಎಲ್ಲವೂ ಒಂದಿಷ್ಟು ವಾಲಿಕೊಂಡೇ ಇವೆ. ಚಳಿಗೆ ಬ್ಯಾಟರಿಯನ್ನು ನೋಯಿಸಬಾರದೆಂದು ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿ, ಕಲ್ಲು ತೆಗೆದು ಜಾರಿಸುವುದು ನಮಗೆ ಹಲ್ಲುಜ್ಜಿದಷ್ಟೇ ಸಹಜ. ಸಿದ್ದಪ್ಪನವರನ್ನು ನೋಡಿ, ಪರವಾಗಿಲ್ಲ, ಗಾಡಿಯನ್ನು ಜೋಪಾನವಾಗಿ ಇಟ್ಟುಕೊಂಡವರು ಎಂದುಕೊಂಡೆವು. ಮನೆಗೆ ತಂದ ಮೇಲೂ ಬೆಳಗ್ಗೆ ಕಲ್ಲು ತೆಗೆದೆವು, ಸಂಜೆ ಕಲ್ಲು ಇಟ್ಟೆವು. ಕೀಲಿಯನ್ನು ಪೂರ್ತಿ ತಿರುಗಿಸುವ ಸಂದರ್ಭವೇ ಬರಲಿಲ್ಲ.

ಬಂದದ್ದು ಕಾಡಿನಲ್ಲಿ. ಮೊದಲ ಸಲ ಕೋಸು ತುಂಬಿಕೊಂಡು ತಾಳಮಲೆ ದಾರಿಯಲ್ಲಿ ದಿಂಬಂ ಘಾಟಿಯ ಕಡೆ ಹೊರಟಿದ್ದೆವು. ಆ ವರ್ಷಗಳಲ್ಲಿ ನಮ್ಮ ಕಾಡಿನ ನಡುವೆ ಸುಮ್ಮನೆ ನಿಂತ ಗಾಡಿಯೆಂದರೆ ಖಾಕಿ ತೊಟ್ಟವರಿಗೂ ಅನುಮಾನ, ಅವರು ಹುಡುಕುತ್ತಿದ್ದ ಕಾಡುಗಳ್ಳರಿಗೂ ಅನುಮಾನ. ಹಾಗಾಗಿ ಎಲ್ಲೂ ನಿಲ್ಲಿಸಬಾರದೆಂದು ಮೊದಲೇ ತೀರ್ಮಾನಿಸಿದ್ದೆ. ಒಂದು ತಿರುವು ದಾಟಿದಾಗ ರಸ್ತೆಗೆ ಅಡ್ಡವಾಗಿ ಆನೆ ನಿಂತಿತ್ತು. ನಿಲ್ಲಿಸಿದೆ.

"ಆರ‍್ಸು, ಆರ‍್ಸು. ಸದ್ದಿಗೆ ರೇಗ್ತದ" ಎಂದು ಭಾವ ಪಿಸುಗುಟ್ಟಿದರು. ಸ್ಟಾಪ್ ಗುಬುಟು ಎಳೆದೆ. ಎಂಜಿನ್ ನಡುಗಿ ಸುಮ್ಮನಾಯಿತು. ನಾನು ಮೊದಲಿಗೇ ಹೇಳಿದ ಆ ಮೌನ ಅವತ್ತಿನದು.

ಆನೆ ನಮ್ಮನ್ನು ಗಮನಿಸಿದಂತೆ ಕಾಣಲಿಲ್ಲ. ಬಿದಿರು ಮುರಿಯುತ್ತ ಮೆಲ್ಲಗೆ ಪಕ್ಕಕ್ಕೆ ಸರಿಯಿತು. ದಾರಿ ತೆರವಾಯಿತು. ನಾನು ಕೀಲಿ ತಿರುಗಿಸಿದೆ. ಟಿಕ್ ಎಂದಿತು. ಮತ್ತೆ ತಿರುಗಿಸಿದೆ. ಟಿಕ್. ಭಾವನ ಮುಖ ನೋಡಿದೆ. ಅವರು ರಸ್ತೆಯನ್ನು ನೋಡುತ್ತಿದ್ದರು. ರಸ್ತೆ ನಮ್ಮ ಮುಂದೆ ಹಾಸಿದ ಚಾಪೆಯಂತೆ ಸಮನಾಗಿತ್ತು. ಹುಟ್ಟಿದಾರಭ್ಯ ಈ ಬೆಟ್ಟದಲ್ಲಿ ನಾನು ಅಂಥ ಸಮನೆಲ ಕಂಡಿರಲಿಲ್ಲ.

"ಭಾವ, ಇಳ್ದು ತಳ್ತೀರಾ?"

"ನೀನ್ ಇಳೀಲಾ. ನಾನು ಸ್ಟಿಯರಿಂಗ್ ಇಡ್ಕತೀನಿ."

ಇಬ್ಬರೂ ಇಳಿಯಲಿಲ್ಲ. ಇಳಿದಿದ್ದರೂ ಕೋಸು ತುಂಬಿದ ಪಿಕಪ್ಪನ್ನು ಒಬ್ಬ ಅಲುಗಿಸಲಾರ. ಆಗ ಕನ್ನಡಿ ನೋಡಿದೆ. ಕನ್ನಡಿಯಲ್ಲಿ ಹಿಂದಿನ ಕಾಡು ಇತ್ತು. ನೋಡುತ್ತಿದ್ದ ಹಾಗೆ ಆ ಕಾಡಿನ ಒಂದು ಬೂದು ತುಂಡು ಉಸಿರಾಡಿತು. ಕೋಸಿನ ವಾಸನೆ ಹಿಡಿದು ಇನ್ನೊಂದು ಬಂದಿತ್ತು.

ಗಾಡಿಯ ಹಿಂಭಾಗ ಕುಗ್ಗಿತು, ಎದ್ದಿತು. ಹಗ್ಗ ಕಿತ್ತ ಸದ್ದು. ಆಮೇಲೆ ಕೋಸು ಅಗಿಯುವ ಸದ್ದು, ನನ್ನ ಕತ್ತಿನ ಹಿಂದೆಯೇ. ನಮಗೂ ಅದಕ್ಕೂ ನಡುವೆ ಕ್ಯಾಬಿನ್ನಿನ ತಗಡು. ಆ ತಗಡು ಎಷ್ಟು ತೆಳು ಎಂಬುದನ್ನು ಭಾವ ಸ್ಪ್ಯಾನರಿನಿಂದ ತಟ್ಟಿ ನನಗೆ ತೋರಿಸಿದ್ದರು. ಹಾರನ್ ಕೆಲಸ ಮಾಡುತ್ತದೆಂದೂ ಗೊತ್ತಿತ್ತು. ಅದರ ಮೇಲೆ ಕೈ ಹೋದರೆ ಭಾವ ನನ್ನ ಮಣಿಕಟ್ಟು ಹಿಡಿದುಕೊಂಡರು. 

ಮುಂದೆ ಆದದ್ದರ ಬಗ್ಗೆ ಎರಡು ಕಥೆಗಳಿವೆ. ಭಾವ ಎಲ್ಲರಿಗೂ ಹೇಳುವುದು ಇದು: ಕೋಸು ಎಟುಕದೆ ಆನೆ ಹಣೆಯಿಂದ ಒಂದು ನೂಕು ನೂಕಿತು, ಗಾಡಿ ಉರುಳಿತು, ನಾಗ ಕ್ಲಚ್ ಬಿಟ್ಟ, ಎಂಜಿನ್ ಹತ್ತಿತು. ನನಗೆ ನೆನಪಿರುವುದು ಬೇರೆ. ಆನೆ ಸಾಕೆನ್ನಿಸುವಷ್ಟು ತಿಂದು, ತನಗೆ ತೋಚಿದಾಗ ಹೋಯಿತು. ನಾವು ಗಾಜು ಏರಿಸಿಕೊಂಡು, ಬೆವರುತ್ತ ಕೂತಿದ್ದೆವು. ಬಹಳ ಹೊತ್ತಾದ ಮೇಲೆ ದಿಂಬಂ ಕಡೆಯಿಂದ ಬಸ್ಸು ಬಂತು. ಜನ ಇಳಿದರು.

"ಯಾನ ನಾಗಣ್ಣ, ಆನೆಗೆ ಕೋಸು ಇಕ್ಕಾಕ್ ಇಲ್ಲೀಗಂಟ ಬಂದ್ಯಾ?"

"ಭಾವುಂದು ಪಾಲು, ಬಾಮೈದುಂದು ಪಾಲು, ಆನೇದು ಮೂರ‍್ನೇ ಪಾಲು ಕಣ."

ನಗುತ್ತ ತಳ್ಳಿದರು. ಎಂಜಿನ್ ಹತ್ತಿತು.

ಭಾವನ ಕಥೆ ಚೆನ್ನಾಗಿದೆ. ಎಷ್ಟು ಚೆನ್ನಾಗಿದೆಯೆಂದರೆ ಕೆಲವು ದಿನ ನನಗೂ ಬೆನ್ನಿಗೆ ಆ ನೂಕು ತಾಗಿದಂತೆ ನೆನಪಾಗುತ್ತದೆ. ಆಗಲೇ ನನಗೆ ಅನುಮಾನ. ನೆನಪೂ ಇಳಿಜಾರಿನಲ್ಲಿ ನಿಲ್ಲಿಸಿದ ಗಾಡಿಯೇ. ಕಲ್ಲು ತೆಗೆದರೆ ಸಾಕು, ಸಲೀಸಾಗಿ ಹೊರಟುಬಿಡುತ್ತದೆ. ಅದಕ್ಕೆ ಎಂಜಿನ್ ಇದೆಯೋ ಇಲ್ಲವೋ ಸಮನೆಲಕ್ಕೆ ಬರುವ ತನಕ ಗೊತ್ತಾಗುವುದಿಲ್ಲ.

ಮಾರನೆಯ ದಿನ ಜಗಳಕ್ಕೆಂದು ಜೀರಹಳ್ಳಿಗೆ ಹೋದೆವು. ಸಿದ್ದಪ್ಪನವರು ಕೇಳಿ ನಿಜವಾಗಿಯೂ ಬೆಚ್ಚಿದರು. "ಸ್ಟಾರ್ಟರ್ ಕೆಟ್ಟೋಗಿತ್ತಾ? ಅದ ತಿರುಗಿಸಿ ಎಷ್ಟ್ ಕಾಲ ಆಯ್ತೋ ನಂಗೇ ಗೊತ್ತಿಲ್ವಲ್ಲಪ್ಪ" ಎಂದರು. ಆಮೇಲೆ ಕೇಳಿದರು: "ಈ ವಂಡೀಲಿ ನಾನೂ ಆ ಕಾಡ್ನಾಗೆ ಎಷ್ಟ್ ಕಿತ ಓಗಿದ್ದೀನಿ ಗೊತ್ತಾ?" ಜಗಳ ಅಲ್ಲಿಗೇ ನಿಂತಿತು. ಆಗ ಪಡಬೇಕಿದ್ದ ಭಯ ಅವರಿಗೆ ಈಗ ತಲುಪಿತ್ತು.

ಈಗ ಯಾರಾದರೂ ಹಳೆ ಗಾಡಿ ನೋಡಲು ಜೊತೆಗೆ ಕರೆದರೆ ಹೋಗುತ್ತೇನೆ. ಹೊಗೆ, ತುಕ್ಕು, ಬ್ರೇಕು ಎಲ್ಲವನ್ನೂ ಅವರೇ ನೋಡಿಕೊಳ್ಳಲಿ. ನಾನು ಮೊದಲು ಗಾಡಿ ನಿಂತಿರುವ ನೆಲ ನೋಡುತ್ತೇನೆ. ಸಮ ಜಾಗಕ್ಕೆ ತಂದು ನಿಲ್ಲಿಸಿ, ಆರಿಸಿ, ತಣ್ಣಗಾಗಲಿ ಎನ್ನುತ್ತೇನೆ. ಮಾರುವವರು ಮುಖ ಸಿಂಡರಿಸಿದರೂ ಕಾಯುತ್ತೇನೆ. ಆಮೇಲೆ ನಾನೇ ಹತ್ತಿ ಕೂತು ಕೀಲಿಗೆ ಕೈ ಹಾಕುತ್ತೇನೆ. ಅದು ತಾಳವಾಡಿಯ ಅಂಗಡಿಬೀದಿಯೇ ಆಗಿರಲಿ, ಸುತ್ತ ನೂರು ಜನರೇ ಇರಲಿ, ತಿರುಗಿಸುವ ಮೊದಲು ಒಮ್ಮೆ ಕನ್ನಡಿ ನೋಡಿಕೊಳ್ಳುತ್ತೇನೆ.