ಉಡಿಯ ಅಕ್ಕಿ

ಯಾರಾದರೂ ಒಬ್ಬರು ಬೇಡ ಎನ್ನಲಿ ಎಂದೇ ನಾನು ಬೆಳ್ಳಟ್ಟಿಯ ತವರಿಗೆ ಹೊರಟಿದ್ದೆ. ಐರ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸಕ್ಕೆ ಆಯ್ಕೆಯಾಗಿದ್ದೆ. ಬರುತ್ತೇನೋ ಇಲ್ಲವೋ ಎಂಬುದನ್ನು ಸೋಮವಾರದೊಳಗೆ ತಿಳಿಸಬೇಕಿತ್ತು.

ಗದುಗಿನಲ್ಲಿ ನನ್ನದು ಗುತ್ತಿಗೆ ನೌಕರಿ. ಪ್ರತಿ ವರ್ಷ ಮುಂದುವರಿಸುತ್ತಾರೋ ಇಲ್ಲವೋ ಎಂದು ಸಾಹೇಬರ ಮುಖ ನೋಡುತ್ತ ನಿಲ್ಲುವುದು ಸಾಕಾಗಿಹೋಗಿತ್ತು. ಬೆಟಗೇರಿಯ ಮನೆಯಲ್ಲಿ ಮಗ್ಗ ನಿಂತಮೇಲೆ ನಮ್ಮ ಮನೆಯವರು ಬಟ್ಟೆ ಅಂಗಡಿಗೆ ಹೋಗುತ್ತಿದ್ದರು. ಹೊರಡುವ ಹುರುಪು ನನಗಿಂತ ಅವರಿಗೇ ಹೆಚ್ಚು. ದಪ್ಪನೆಯ ಸ್ವೆಟರ್ ತಂದು, ನಮ್ಮೂರ ಬಿಸಿಲಿನಲ್ಲೇ ತೊಟ್ಟು ನೋಡಿ ಬೆವತರು. ಆದರೆ ನೀವೇ ಹೇಳಿ ಎಂದರೆ ಮಾತ್ರ, “ನೌಕರಿ ನಿಂದು. ನೀ ಹೂಂ ಅಂದ್ರ ನಾ ತಯಾರ್ ಅದೀನಿ” ಎಂದು ಜಾರಿಕೊಳ್ಳುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು.

ನನ್ನ ಭಯ ಚಳಿಯದಲ್ಲ. ಇಲ್ಲಿ ಮುದುಕಿಯೊಬ್ಬಳು “ಬೆನ್ನಾಗ ಚಳಕ ಹಿಡದೈತವ್ವಾ” ಅಂದರೆ ಕೈ ಎಲ್ಲಿ ಇಡಬೇಕೆಂದು ನನಗೆ ಗೊತ್ತು. ಅಲ್ಲಿಯ ಮುದುಕಿ ತನ್ನ ನೋವಿಗೆ ಏನನ್ನುತ್ತಾಳೋ. ಪರೀಕ್ಷೆ ಪಾಸಾದ ಇಂಗ್ಲಿಷಿನಿಂದ ಅದು ತಿಳಿದೀತೆಂಬ ನಂಬಿಕೆ ನನಗಿರಲಿಲ್ಲ.

ಶಿರಹಟ್ಟಿಯಲ್ಲಿ ಬಸ್ಸು ಬದಲಿಸಿ ಊರು ಸೇರಿದೆ. ಅಣ್ಣ ಹೊಲಕ್ಕೆ ಹೋಗಿದ್ದ, ಅವನ ಹೆಂಡತಿ, ನಮ್ಮ ವೈನಿ, ರೊಟ್ಟಿ ಬಡಿಯುತ್ತಿದ್ದರು. ಅವ್ವ ಕಡ್ಲಿ ಹಸನು ಮಾಡುತ್ತ ಕುಳಿತಿದ್ದಳು. ಎಲ್ಲವನ್ನೂ ಹೇಳಿದೆ. ಅಳುತ್ತಾಳೆ, ನನ್ನ ಪುಟ್ಟ ಮಗಳ ಹೆಸರು ತೆಗೆದು ತಡೆಯುತ್ತಾಳೆ ಎಂದುಕೊಂಡಿದ್ದೆ. ಅವಳು ತಲೆಯನ್ನೂ ಎತ್ತಲಿಲ್ಲ.

“ನನ್ನೇನ ಕೇಳ್ತಿ? ಕೊಟ್ಟ ಹೆಣ್ಣು ಕುಲಕ್ಕ ಹೊರಗ. ನಿನ್ನ ಗಂಡನ್ನ ಕೇಳು.”

“ಅವರು ನನ್ನ ಕೇಳು ಅಂತಾರ.”

“ಹಂಗಾರ ನಿನ್ನ ನೀನ ಕೇಳ್ಕೊ,” ಎಂದು ಕಡ್ಲಿ ಕೇರತೊಡಗಿದಳು.

ಹೊತ್ತು ಇಳಿಯುವವರೆಗೂ ನಾನು ಮುಖ ಊದಿಸಿಕೊಂಡೇ ಇದ್ದೆ. ಹೊರಡುವಾಗ ವೈನಿ ಎಂದಿನಂತೆ ಮಣೆ ಹಾಕಿ, ಕುಂಕುಮವಿಟ್ಟು, ನನ್ನ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ ಹಾಕಿ ಉಡಿ ತುಂಬಿದರು. ನಮ್ಮಲ್ಲಿ ಉಡಿ ತುಂಬಿಸಿಕೊಂಡ ಮಗಳು ಏಳುವ ಮೊದಲು ಆ ಅಕ್ಕಿಯಲ್ಲಿ ನಾಲ್ಕು ಕಾಳು ತವರಿನ ಮೊರಕ್ಕೆ ತಿರುಗಿ ಹಾಕಬೇಕು. ತವರು ಬರಿದಾಗದಿರಲಿ, ಮಗಳ ಬರವು ನಿಲ್ಲದಿರಲಿ ಎಂದು. ಅವ್ವ ಮೊರ ಹಿಡಿದು ನಿಂತಳು. ನನಗೆ ಏನಾಯಿತೋ, ಎರಡೂ ಕೈ ತುಂಬ ಬೊಗಸೆ ಬೊಗಸೆಯಾಗಿ ಅಕ್ಕಿ ತೆಗೆದು ಸುರಿದೆ. ಉಡಿಯಲ್ಲಿ ಕೊಬ್ಬರಿ, ಉತ್ತತ್ತಿ ಬಿಟ್ಟರೆ ಹೆಚ್ಚೇನೂ ಉಳಿಯಲಿಲ್ಲ.

ವೈನಿ ಗಾಬರಿಯಾಗಿ “ಇಷ್ಟ ಯಾರ ಹಾಕ್ತಾರ್ರೀ?” ಅಂದರು.

ಅವ್ವ ಮೊರವನ್ನೂ ನನ್ನನ್ನೂ ನೋಡಿದಳು. ಒಳಗೆ ಹೋಗುವಂತೆ ವೈನಿಗೆ ಕಣ್ಣಲ್ಲೇ ಹೇಳಿ, ನನ್ನ ಪಕ್ಕ ಕುಕ್ಕರಿಸಿದಳು.

“ಮತ್ತ ಬರಾಕಿ ಇಷ್ಟ ಹಾಕಂಗಿಲ್ಲವ್ವಾ. ಹೋಗೂದು ಖರೆ ಮಾಡಿಕೊಂಡ ಬಂದಿ ನೀ. ನನ್ನ ಬಾಯಿಲೆ ಬ್ಯಾಡ ಅನಸ್ಕೊಂಡು ಹೋದ್ರ, ಅಲ್ಲಿ ತ್ರಾಸಾದಾಗ ಅವ್ವನ ಮಾತ ಮೀರಿ ಬಂದೆ ಅಂತ ಅಳಬಹುದು. ಉಳದ್ರ, ಅವ್ವ ತಡದ್ಲು ಅಂತ ಬೈಬಹುದು. ಎರಡೂ ಕಡೆ ನಾನ ಬೇಕೇನ ನಿನಗ?”

ಅವಳು ಅಕ್ಕಿಯನ್ನೆಲ್ಲ ನನ್ನ ಸೆರಗಿಗೆ ಮರಳಿ ಸುರಿದು, ತಾನೇ ನಾಲ್ಕು ಕಾಳು ಆರಿಸಿ ಮೊರದಲ್ಲಿಟ್ಟುಕೊಂಡಳು. ಆಮೇಲೆ ಆ ನಾಲ್ಕು ಕಾಳನ್ನು ತನ್ನ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಬಸ್ಸಿನಲ್ಲಿ ಕುಳಿತು ಮನೆಯವರಿಗೆ ಫೋನು ಮಾಡಿ ಹೂಂ ಅಂದೆ. ಅವರು ಖುಷಿಯಿಂದ, “ಅವ್ವಾರು ಏನಂದ್ರು? ಹೋಗ್ರಿ ಅಂದ್ರೇನು?” ಎಂದು ಕೇಳಿದರು.

“ಅವ್ವ ಏನೂ ಅನ್ನಲಿಲ್ಲ,” ಅಂದೆ. “ನಾನ ಹೊಂಟೀನಿ.”