ಮಾಳಿಗೆಯ ಮೇಲಿನ ಕೆಮ್ಮು

ತೆಲುಗು ನಾಡಿನ ನಾಚಾರಂನ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷದಿಂದ ಲೇತ್ ಮಷಿನ್ ನಡೆಸುತ್ತಿದ್ದೇನೆ. ಓದಿದ್ದು ಏಳನೆಯ ಇಯತ್ತೆವರೆಗೆ. ಆದರೆ ನನ್ನ ಕೈಯಿಂದ ಹೋದ ಮಾಲು ತಪಾಸಣೆಯಲ್ಲಿ ತಿರುಗಿ ಬಂದದ್ದು ಅಪರೂಪ. ಅಂಥವನ ಮಾಲನ್ನು ಮುಖಕ್ಕೇ ಬೇಡವೆಂದವಳು ದವಾಖಾನೆಯ ಲ್ಯಾಬಿನ ಹೆಣ್ಣುಮಗಳು.

ನಾನು ಒಯ್ದ ಡಬ್ಬಿಯನ್ನು ಬೆಳಕಿಗೆ ಹಿಡಿದು, "ಅಣ್ಣಾರ, ಇದು ಕಫ ಅಲ್ಲ, ಉಗುಳು. ಇದರಾಗ ಏನು ಹುಡುಕಬೇಕ್ರಿ?" ಎಂದಳು. ಬೀದರ್ ಕಡೆಯವಳು, ನನ್ನ ಮಾತು ಕೇಳಿ ತೆಲುಗು ಬಿಟ್ಟು ಕನ್ನಡಕ್ಕೆ ಬಂದಿದ್ದಳು.

ಹಿಂದಿನ ವರ್ಷ ಟಿ.ಬಿ. ಎಂದು ನನಗೆ ಆರು ತಿಂಗಳ ಗುಳಿಗೆ ಕೊಟ್ಟಿದ್ದರು. ಎರಡು ತಿಂಗಳಿಗೆ ಕೆಮ್ಮು ನಿಂತಿತು, ಮೈ ತುಂಬಿಕೊಂಡಿತು. ಗಟ್ಟಿ ಆಳಿಗೆ ಗುಳಿಗೆ ಯಾಕೆಂದು ನಾನೇ ಬಿಟ್ಟೆ. ಈಗ ಕೆಮ್ಮು ತಿರುಗಿ ಬಂದಿತ್ತು. ಅರ್ಧಕ್ಕೆ ಬಿಟ್ಟರೆ ಕ್ರಿಮಿ ಔಷಧಕ್ಕೆ ಜಗ್ಗದಂತೆ ಆಗಬಹುದು, ಹಳೆಯ ಗುಳಿಗೆ ನಡೆಯುತ್ತವೋ ಇಲ್ಲವೋ ಕಫ ನೋಡಿಯೇ ಹೇಳಬೇಕು ಎಂದಿದ್ದರು ಡಾಕ್ಟರು.

ಆದರೂ ಉಗುಳು ಒಯ್ದಿದ್ದೆ. ಕಫ ಬರಲು ಎದೆಯ ತಳದಿಂದ ಕೆಮ್ಮಬೇಕು. ನಮ್ಮ ವಠಾರದಲ್ಲಿ ಒಬ್ಬರು ಸೀನಿದರೆ ನಾಲ್ಕು ಮನೆಗೆ ಕೇಳುತ್ತದೆ. ಯಾರಿಗೂ ತಿಳಿಯಬಾರದೆಂದು ಬಾಯಿಗೆ ಟವೆಲ್ ಒತ್ತಿ ಎರಡು ಸಲ ಕೆಮ್ಮಿ, ಉಗುಳಿ, ಮುಚ್ಚಳ ಹಾಕಿದ್ದೆ.

ಲ್ಯಾಬಿನವಳು ಕೊಟ್ಟ ಹೊಸ ಡಬ್ಬಿ ನೋಡಿ ಹೆಂಡತಿ, "ಮಾಲು ರಿಜೆಕ್ಟ್ ಆತೇನು?" ಎಂದಳು. "ಎದಿಯಿಂದ ಕೆಮ್ಮಿ ತರಬೇಕಂತ," ಎಂದೆ. ಅವಳೇ ದಾರಿ ಹೇಳಿದಳು: "ನಾಳೆ ಮುಂಜಾನೆ ಮಾಳಿಗಿ ಮ್ಯಾಲೆ ನಾ ಚಾದರ ಒಗೀತೀನಿ. ಆ ಸಪ್ಪಳದಾಗ ನೀವು ಕೆಮ್ಮರಿ."

ಮುಂಜಾನೆ ಬರಿ ನೀರಿನಲ್ಲಿ ಬಾಯಿ ಮುಕ್ಕಳಿಸಿ ಮಾಳಿಗೆ ಹತ್ತಿದೆ. ಅವಳು ಕಲ್ಲಿಗೆ ಚಾದರ ಬಡಿಯತೊಡಗಿದಳು. ನಾನು ಆ ತುದಿಗೆ ಹೋಗಿ ಉಸಿರೆಳೆದು ಕೆಮ್ಮಿದೆ. ಮೊದಮೊದಲು ಅವಳ ಬಡಿತಕ್ಕೆ ಹೊಂದಿಸಿಕೊಂಡೆ. ಆಮೇಲೆ ಕೆಮ್ಮು ನನ್ನ ಮಾತು ಕೇಳಲಿಲ್ಲ. ಕಣ್ಣಲ್ಲಿ ನೀರು ಬಂತು, ಗಟ್ಟಿ ಹಳದಿ ಕಫ ಬಂತು. ತಲೆ ಎತ್ತಿದರೆ ಚಾದರದ ಸಪ್ಪಳ ಯಾವಾಗಲೋ ನಿಂತಿತ್ತು. ಪಕ್ಕದ ಮನೆಯ ಕಲಬುರಗಿ ಮುದುಕಿ ಮೆಟ್ಟಿಲ ಮೇಲೆ ನಿಂತಿದ್ದಳು.

"ತಿಂಗಳಾತು ತಮ್ಮಾ, ಗ್ವಾಡಿ ಆಚೆಯಿಂದ ಕೇಳಾಕತ್ತೀನಿ. ದವಾಖಾನಿಗೆ ಹೋಗಿಯಿಲ್ಲೋ?" ಎಂದಳು. ಹೆಂಡತಿಯ ಕಡೆ ತಿರುಗಿ, "ಇದು ನಿನ್ನೆ ಒಗದ ಚಾದರ ಅಲ್ಲೇನ?" ಎಂದಳು.

ಲ್ಯಾಬಿನವಳು ಈ ಸಲ ಡಬ್ಬಿ ಹಿಡಿದು, "ಇದು ಪಾಸ್" ಎಂದಳು. ಮರುದಿನ ಚೀಟಿ ಕೊಡುವಾಗ ಓದಿಯೂ ಹೇಳಿದಳು: "ಟಿ.ಬಿ. ಐತಿ. ಆದರ ಕ್ರಿಮಿ ಮುಖ್ಯ ಔಷಧಕ್ಕ ಜಗ್ಗತೈತಿ. ಹಳೇ ಗುಳಿಗಿ ನಡೀತಾವ. ಆರು ತಿಂಗಳು, ಒಂದು ದಿನಾನೂ ತಪ್ಪಸಂಗಿಲ್ಲ, ಅಣ್ಣಾರ."

ಅಲ್ಲೇ ಬೆಂಚಿನ ಮೇಲೆ ಕುಳಿತೆ. ಮನೆಗೆ ಬಂದು ಹೇಳಿದಾಗ ಹೆಂಡತಿ ಒಲೆ ಆರಿಸಿ ಗೋಡೆಗೆ ಒರಗಿ ಕುಳಿತಳು. "ಇನ್ನ ಆ ಚಾದರಕ್ಕೂ ಆರಾಮ," ಎಂದಳು.

ಅಷ್ಟರಲ್ಲಿ ಗೋಡೆಯಾಚೆಯಿಂದ ಮುದುಕಿಯ ದನಿ: "ದವಾಖಾನ್ಯಾಗ ಏನಂದ್ರೋ, ತಮ್ಮಾ?"

ನಾಲ್ಕೂ ಮನೆಗೆ ಕೇಳುವಂತೆ ಹೇಳಿದೆ: "ಗುಳಿಗಿ ನಡೀತಾವಂತ, ಯವ್ವಾ."